ಒಂದು ಹೆಂಚು ಕಮ್ಮಿ ಇರುವ ಗುಡಿ

ನಮ್ಮೂರಿನಲ್ಲಿ ಯಾವ ಕೆಲಸವನ್ನೂ ಪೂರ್ತಿ ಮುಗಿಸುವುದಿಲ್ಲ. ಇದನ್ನು ಸೋಮಾರಿತನ ಅಂದುಕೊಂಡು ಹೋದ ಹೊರಗಿನವರು ಬೇಕಾದಷ್ಟು ಜನ ಇದ್ದಾರೆ. ಅಂದುಕೊಳ್ಳಲಿ, ನಮ್ಮ ಗಂಟೇನೂ ಹೋಗುವುದಿಲ್ಲ. ದರ್ಜಿ ಅಂಗಿ ಹೊಲಿದರೆ ಒಂದು ಗುಂಡಿ ಬಿಟ್ಟು ಕೊಡುತ್ತಾನೆ. ಮದುವೆ ಊಟದಲ್ಲಿ ಒಬ್ಬ ನೆಂಟನಿಗಾದರೂ ಬೇಕೆಂದೇ ಪಾಯಸ ತಪ್ಪಿಸುತ್ತಾರೆ. ಆ ನೆಂಟ ಅದನ್ನೇ ಎತ್ತಿ ಆಡಿಕೊಂಡು ಸಾಯುವ ತನಕ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುತ್ತಾನೆ. ನಾನು ಹೆಂಚು ಹೊದಿಸುವವನು. ಯಾರ ಮನೆಯ ಸೂರು ಮಾಡಿದರೂ ಮೂಲೆಯ ಒಂದು ಹೆಂಚಿಗೆ ಗಾರೆ ಹಾಕದೆ ಸುಮ್ಮನೆ ಇಟ್ಟು, ಮುಂದಿನ ವಾರ ಬರುತ್ತೇನೆ ಅಂದು ಏಣಿ ಇಳಿಯುತ್ತೇನೆ. ಮನೆಯವರು ಸಮಾಧಾನದಿಂದ ತಲೆಯಾಡಿಸುತ್ತಾರೆ. ನಾನು ಬರುವುದಿಲ್ಲ ಅಂತ ಅವರಿಗೂ ಗೊತ್ತು.

ಮುಗಿಸಿದವರು ಹಗುರಾಗುತ್ತಾರೆ, ಅಷ್ಟೇ. ಮಾಡಬೇಕಾದದ್ದನ್ನೆಲ್ಲ ಮಾಡಿ, ಆಡಬೇಕಾದ ಮಾತನ್ನೆಲ್ಲ ಆಡಿ, ಮನಸ್ಸಿನಲ್ಲಿ ಕಡ್ಡಿಯಷ್ಟೂ ಏನೂ ಉಳಿಯಲಿಲ್ಲ ಅಂದರೆ ಮೊದಲು ಹಿಮ್ಮಡಿ ನೆಲ ಬಿಡುತ್ತದೆ, ಆಮೇಲೆ ಹೆಬ್ಬೆರಳು, ಆಮೇಲೆ ಮನುಷ್ಯ. ಭಾರ ಕಟ್ಟಿ ಪ್ರಯೋಜನವಿಲ್ಲ. ನೂಲಿನಂಗಡಿಯ ಮುದುಕನನ್ನು ಅವನ ಮಕ್ಕಳು ಒರಳುಕಲ್ಲಿಗೆ ಕಟ್ಟಿ ಹಾಕಿದ್ದರು, ಒರಳೂ ಹೋಯಿತು. ಆ ಮನೆಯವರು ಇವತ್ತಿಗೂ ಒರಳಿನ ಮಾತು ಬಂದಾಗಲೇ ಹೆಚ್ಚು ಮರುಗುವುದು. ಹಾಗಂತ ಊರಿಗೆ ಊರೇ ಮೇಲಕ್ಕೆ ಹೋಗುತ್ತದೆ ಅಂತೇನಲ್ಲ. ಬಹಳಷ್ಟು ಜನ ಎಲ್ಲ ಊರಿನವರ ಹಾಗೆ ಕೆಮ್ಮಿ, ಜ್ವರ ಬಂದು, ಕೆಲಸ ಅರ್ಧಕ್ಕೆ ಬಿಟ್ಟು ಸಾಯುತ್ತಾರೆ. ಅವರನ್ನು ಮಣ್ಣು ಮಾಡಿ ಬಾಯಿತುಂಬ ಅಳುತ್ತೇವೆ. ಮೇಲೆ ಹೋದವರಿಗೆ ಹೇಗೆ ಅಳಬೇಕು ಅನ್ನುವುದು ಮಾತ್ರ ನಮಗೆ ಇನ್ನೂ ತಿಳಿದಿಲ್ಲ. ತೀರಿಕೊಂಡರು ಅನ್ನುವ ಹಾಗಿಲ್ಲ. ಮುಗಿಸಿಕೊಂಡರು ಅನ್ನುತ್ತೇವೆ.

ಇದೆಲ್ಲ ಶುರುವಾದದ್ದು ಗುಡ್ಡದ ಮೇಲಿನ ತಾವೋ ಪಂಥದ ಗುಡಿಯಿಂದ. ಚೀನಾ ದೇಶದಿಂದ ಚಾನಜ್ಜ ಅನ್ನುವವನು ಹೆಂಡತಿಯನ್ನು ಕಟ್ಟಿಕೊಂಡು, ತನ್ನ ಹುಟ್ಟೂರಿನ ಗುಡಿಯ ಧೂಪದ ಬೂದಿಯನ್ನು ಸೋರೆಬುರುಡೆಯಲ್ಲಿ ತುಂಬಿಕೊಂಡು ಈ ಕಡೆ ಬಂದ. ಬುರುಡೆ ಎಲ್ಲಿ ಎತ್ತಲಾರದಷ್ಟು ಭಾರವಾಯಿತೋ ಅಲ್ಲಿ ಗುಡಿ ಕಟ್ಟಿದ. ಒಳಗೆ ಗಡ್ಡದ ಮೂವರು ದೇವರನ್ನು ಕೂರಿಸಿದ, ಬಾಗಿಲಿಗೆ ಇಬ್ಬರು ಕಾವಲುಗಾರರನ್ನು ಬರೆಸಿದ, ಸೂರಿನ ನೆತ್ತಿಯ ಮೇಲೆ ಮಣ್ಣಿನ ಕೊಕ್ಕರೆಗಳನ್ನು ನಿಲ್ಲಿಸಿದ. ಇಲ್ಲಿಯವರೆಗೆ ಯಾರದೂ ತಕರಾರಿಲ್ಲ. ಕೊನೆಯ ಹೆಂಚಿಗೆ ಬಂದ ಕೂಡಲೇ ಊರು ಎರಡಾಗುತ್ತದೆ.

ಪೂಜಾರಿಗಳ ಕಡೆಯ ಕಥೆಯಲ್ಲಿ ಚಾನಜ್ಜ ಕೊನೆಯ ಹೆಂಚು ಇಟ್ಟ, ಕೆಲಸ ಮುಗಿಯಿತು, ಗಂಡಹೆಂಡಿರಿಬ್ಬರೂ ಮೇಲಕ್ಕೆ ಹೊರಟರು. ಆದರೆ ಹೆಂಡತಿಗೆ ಒಲೆಯ ಮೇಲಿದ್ದ ಅನ್ನದ ಚಿಂತೆ. ಅವಳು ಕೈಚಾಚಿ ಆ ಹೆಂಚನ್ನು ಕಿತ್ತು, ಕೆಲಸ ಕೆಡಿಸಿ, ಕೆಳಗೆ ಬಂದಳು. ಬಾವಿಕಟ್ಟೆಯ ಹೆಂಗಸರ ಕಥೆಯಲ್ಲಿ ಅವಳು ಏನನ್ನೂ ಮುಟ್ಟಲಿಲ್ಲ; ಚಾನಜ್ಜನೇ ಹೋಗುವಾಗ ಹೆಂಚನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಹೋದ. ಯಾಕೆ ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ, ಗಂಡಸರು ಮಾಡೋದಕ್ಕೆಲ್ಲ ಕಾರಣ ಹುಡುಕುತ್ತಾ ಕೂತರೆ ಆಯಿತು ಅನ್ನುತ್ತಾರೆ. ಹೇಗೇ ಆಗಲಿ, ಚಾನಜ್ಜಿ ಆಮೇಲೆ ಬಹಳ ಕಾಲ ಬದುಕಿ ಗುಡಿ ನಡೆಸಿದಳು. ದಿನಾ ಆ ಕಿಂಡಿಯ ಕೆಳಗೆ ನಿಂತು ಗಂಡನನ್ನು ಬೈದು, ಕೊನೆಗೆ ಎಲ್ಲರ ಹಾಗೆ ಕೆಮ್ಮಿ ಸತ್ತಳು. ಕಿಂಡಿ ಹಾಗೇ ಇದೆ. ಮಳೆ ಬಂದರೆ ಕೆಳಗೊಂದು ಕೊಡ ಇಡುತ್ತಾರೆ. ಮುಗಿಸಿಕೊಳ್ಳುವವರು ಮನೆಯ ಸೂರು ಒಡೆಯಬಾರದು ಅಂತ ಈ ಗುಡಿಗೇ ಬಂದು, ಆ ಕಿಂಡಿಯಲ್ಲೇ ಹೋಗುತ್ತಾರೆ. ಅಷ್ಟು ಸಣ್ಣ ಕಿಂಡಿಯಲ್ಲಿ ದೊಡ್ಡ ಮನುಷ್ಯ ಹೇಗೆ ಹಿಡಿಸುತ್ತಾನೆ ಅಂತ ಹೊರಗಿನವರು ಕೇಳುತ್ತಾರೆ. ಹಿಡಿಸುತ್ತಾನೆ.

ನಮ್ಮವ್ವ ಯೀನಮ್ಮ ಪೂಜಾರಿಗಳ ಕಥೆಯ ಕಡೆಯವಳು. ಕಿತ್ತಳಲ್ಲ, ಹೆಂಗಸಿಗೆ ಬುದ್ಧಿ ಇತ್ತು ಅನ್ನುತ್ತಿದ್ದಳು. ಪಕ್ಕದ ಮನೆಯ ಮೇಯತ್ತೆ ಬಾವಿಕಟ್ಟೆಯ ಕಡೆಯವಳು. ಆದರೆ ಅವರಿಬ್ಬರ ಜಗಳಕ್ಕೆ ಇದು ಬರೀ ಒಗ್ಗರಣೆ. ನಿಜವಾದ ಜಗಳ ಒಂದು ಮುಚ್ಚಳದ್ದು.

ಅಪ್ಪ ಕೆಮ್ಮಿ ಸತ್ತ ವರ್ಷ ಅವ್ವ ತುಂಬ ಶಾಂತವಾಗಿಬಿಟ್ಟಿದ್ದಳು. ನಾನು ಕಸುಬು ಹಿಡಿದಿದ್ದೆ, ಅಕ್ಕನ ಮದುವೆಯಾಗಿತ್ತು, ಅಪ್ಪನಿಗೆ ಹೇಳಬೇಕಾದದ್ದನ್ನೆಲ್ಲ ಹಾಸಿಗೆಯ ಪಕ್ಕ ಕೂತು ಹೇಳಿ ಮುಗಿಸಿದ್ದಳು. ನಮ್ಮೂರಿನಲ್ಲಿ ಅಂಥ ಶಾಂತಿ ಒಳ್ಳೆಯ ಲಕ್ಷಣವಲ್ಲ. ಆ ದಿನಗಳಲ್ಲೇ ಮೇಯತ್ತೆ ಹಬ್ಬದ ಅಡಿಗೆಗೆ ಅಂತ ನಮ್ಮ ಅನ್ನದ ಪಾತ್ರೆಯ ಹಿತ್ತಾಳೆ ಮುಚ್ಚಳ ಕೇಳಿ ತೆಗೆದುಕೊಂಡು ಹೋದಳು. ಹಬ್ಬ ಕಳೆದ ಮೇಲೆ ಅವ್ವ ವಾಪಸು ಕೇಳಿದರೆ, "ಯಾವ ಮುಚ್ಚಳ? ಯಾರ ಮುಚ್ಚಳ?" ಅಂದಳು. ಮುಚ್ಚಳ ಅವಳ ಅಡಿಗೆಮನೆಯ ಗೋಡೆಯ ಮೇಲೆ, ನಮ್ಮ ಕಿಟಕಿಗೆ ಸರಿಯಾಗಿ ಕಾಣುವ ಹಾಗೆ, ನೇತಾಡುತ್ತಿತ್ತು.

ಅಲ್ಲಿಂದ ಶುರುವಾದದ್ದು ನನ್ನ ಕೂದಲು ಬೆಳ್ಳಗಾಗುವ ತನಕ ನಡೆಯಿತು. ಅವ್ವ ಬೆಳಿಗ್ಗೆ ಕಿಟಕಿ ತೆಗೆಯುವುದೇ ಬೈಯುವುದಕ್ಕೆ. ಅನ್ನದ ಪಾತ್ರೆಗೆ ಊಟದ ತಟ್ಟೆ ಮುಚ್ಚಿ, ಅದರ ಮೇಲೆ ಗುಂಡುಕಲ್ಲು ಇಟ್ಟು, ಆ ಕಲ್ಲಿಗೂ ಮೇಯತ್ತೆಯ ಹೆಸರು ಹಿಡಿದು ಎರಡು ಮಾತು ಆಡುತ್ತಿದ್ದಳು. ಮೇಯತ್ತೆಯೂ ಏನೂ ಕಡಿಮೆಯಿಲ್ಲ. ಅವ್ವನಿಗೆ ಜ್ವರ ಬಂದರೆ ಗೋಡೆಯ ಆಚೆಯಿಂದ ಗಂಜಿ ಬರುತ್ತಿತ್ತು, ಗಂಜಿಯ ಮೇಲೆ ಅದೇ ಮುಚ್ಚಳ ಇರುತ್ತಿತ್ತು, ಗಂಜಿ ಇಳಿಸಿಕೊಂಡ ಕೂಡಲೇ ಮುಚ್ಚಳ ವಾಪಸು ಹೋಗುತ್ತಿತ್ತು. ಅವ್ವ ಜ್ವರದಲ್ಲೇ ಎದ್ದು ಕೂತು ಬೈಯುತ್ತಿದ್ದಳು. ಇಬ್ಬರೂ ಎಪ್ಪತ್ತು ದಾಟಿದರು. ಗುಡಿಯ ಹೊಸ್ತಿಲ ಒಳಗೆ ಧೂಪದ ಬೂದಿ ಹರಡಿರುತ್ತಾರೆ, ಕಾಲಿಟ್ಟವರ ಹೆಜ್ಜೆ ಅದರಲ್ಲಿ ಮೂಡುತ್ತದೆ. ಹಬ್ಬದ ದಿನ ಎಲ್ಲರ ಮನೆಯವರೂ ತಮ್ಮ ಹಿರಿಯರ ಹಿಮ್ಮಡಿ ಕೂತಿದೆಯೋ ಇಲ್ಲವೋ ಅಂತ ಬಗ್ಗಿ ನೋಡುತ್ತಾರೆ. ನಮ್ಮವ್ವನ ಹಿಮ್ಮಡಿ ಬೂದಿಯಲ್ಲಿ ಗುದ್ದಲಿ ಹಾಕಿದ ಹಾಗೆ ಮೂಡುತ್ತಿತ್ತು. ನಾನು ನೆಮ್ಮದಿಯಿಂದ ಮನೆಗೆ ಬರುತ್ತಿದ್ದೆ.

ಹೀಗಿರುವಾಗ ಹಳೆಯ ಪೂಜಾರಿ ಅರ್ಧ ಮಂತ್ರಕ್ಕೆ ಕೆಮ್ಮಿ ಸತ್ತು, ಅವರ ಜಾಗಕ್ಕೆ ಬೇರೆ ಊರಿನಿಂದ ವೆನ್ನಯ್ಯ ಅನ್ನುವವರು ಬಂದರು. ಒಳ್ಳೆಯ ಮನುಷ್ಯ. ಒಳ್ಳೆಯತನವೇ ಸ್ವಲ್ಪ ಜಾಸ್ತಿ. ಬಂದವರೇ ನನ್ನನ್ನು ಕರೆಸಿ ಕಿಂಡಿಯ ಕಡೆ ಕೈತೋರಿಸಿ, "ಒಂದು ಹೆಂಚು ಹಾಕಿಬಿಡಪ್ಪ, ದೇವರ ಮುಂದೆ ನೀರು ಸೋರುವುದು ಚೆನ್ನಾಗಿಲ್ಲ" ಅಂದರು. ನಾನು ಮುಂದಿನ ವಾರ ಬರುತ್ತೇನೆ ಅಂದೆ. ಅವರು ನಂಬಿದರು.

ಹೆಂಚಿಗೆ ಕಾಯುತ್ತಾ ಕಾಯುತ್ತಾ ಅವರು ಮನುಷ್ಯರ ರಿಪೇರಿಗೆ ಕೈ ಹಾಕಿದರು. ಒಂದು ಬೆಳಿಗ್ಗೆ ಇಬ್ಬರು ಮುದುಕಿಯರನ್ನೂ ಗುಡಿಗೆ ಕರೆಸಿದರು. ಅವ್ವನನ್ನು ಕರೆದುಕೊಂಡು ಹೋದವನು ನಾನೇ, ಯಾಕೆ ಅಂತ ನನಗೂ ಹೇಳಿರಲಿಲ್ಲ. ಮೇಯತ್ತೆ ಮೊದಲೇ ಬಂದು ಕೂತಿದ್ದಳು, ಮಡಿಲಲ್ಲಿ ಮುಚ್ಚಳ ಇತ್ತು, ಹುಣಿಸೆಹಣ್ಣು ಹಾಕಿ ತಿಕ್ಕಿ ತೊಳೆದಿದ್ದಳು. ವೆನ್ನಯ್ಯನವರು ದೇವರನ್ನು ಕೇಳುವ ಮರದ ತುಂಡುಗಳನ್ನು ಎತ್ತಿಕೊಂಡರು. ಒಂದು ಕಡೆ ಚಪ್ಪಟೆ, ಒಂದು ಕಡೆ ಉಬ್ಬು ಇರುವ ಜೋಡಿ ತುಂಡು ಅವು. ಒಂದು ಚಪ್ಪಟೆ ಒಂದು ಉಬ್ಬು ಮೇಲಾಗಿ ಬಿದ್ದರೆ ಆಗಲಿ ಅಂತ ಅರ್ಥ. ಎರಡೂ ಉಬ್ಬು ಮೇಲಾದರೆ ಬೇಡ ಅಂತ. ಎರಡೂ ಚಪ್ಪಟೆ ಮೇಲಾದರೆ ದೇವರು ನಗುತ್ತಿದ್ದಾನೆ ಅಂತ. ಇವರಿಬ್ಬರಿಗೆ ರಾಜಿ ಮಾಡಿಸಲೇ ಅಂತ ಕೇಳಿ ತುಂಡು ಹಾಕಿದರು. ಎರಡೂ ಚಪ್ಪಟೆ ಮೇಲಾಗಿ ಬಿದ್ದವು.

"ನೋಡಿ, ದೇವರಿಗೆ ಸಂತೋಷವಾಗಿದೆ" ಅಂದರು ವೆನ್ನಯ್ಯ.

ನಮ್ಮೂರಿನಲ್ಲಿ ದೇವರು ನಕ್ಕರೆ ತುಂಡು ಎತ್ತಿಟ್ಟು ತೆಪ್ಪಗೆ ಮನೆಗೆ ಹೋಗುವುದು ವಾಡಿಕೆ. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಯತ್ತೆ ಎದ್ದು ಬಂದು ಮುಚ್ಚಳವನ್ನು ಅವ್ವನ ಕೈಗಿಟ್ಟು, "ತಗಳೇ ಯೀನಿ. ನಿಂದೇ ಇದು. ಅವತ್ತೂ ನಿಂದೇ, ಇವತ್ತೂ ನಿಂದೇ. ತಪ್ಪಾಯ್ತು ಕಣೇ" ಅಂದಳು. ಅವ್ವ ಮುಚ್ಚಳವನ್ನು ತಿರುವಿ ತಿರುವಿ ನೋಡಿದಳು. ಬೈಯುವುದಕ್ಕೆ ಬಾಯಿ ತೆರೆದು, ಬೈಯುವುದಕ್ಕೆ ಏನೂ ಸಿಗದೆ, ಹಾಗೇ ನಿಂತಳು. ಆಮೇಲೆ, "ಹೂಂ, ಇರ್ಲಿ ಬಿಡು" ಅಂದಳು. ನಾನು ಬಗ್ಗಿ ಅವಳ ಹಿಮ್ಮಡಿ ನೋಡಿದೆ.

ಆ ದಿನದ ಅನ್ನ ಮುಚ್ಚಳ ಹಾಕಿ ಬೆಂದ ಅನ್ನ. ಅಷ್ಟು ಹದವಾದ ಅನ್ನವನ್ನು ನಾನು ನಮ್ಮ ಮನೆಯಲ್ಲಿ ಎಷ್ಟೋ ವರ್ಷದಿಂದ ಉಂಡಿರಲಿಲ್ಲ. ಅರ್ಧ ಬಿಟ್ಟು ಎದ್ದೆ. ಮಾರನೆಯ ಬೆಳಿಗ್ಗೆ ಅವ್ವ ಸಾರಿಸಿದ ನೆಲದ ಮೇಲೆ ಓಡಾಡಿದ ಜಾಗದಲ್ಲಿ ಬರೀ ಬೆರಳುಗಳ ಗುರುತಿತ್ತು.

ನಾನು ಬೇಕೆಂದೇ ಅವಳ ಉಪ್ಪಿನಕಾಯಿ ಜಾಡಿ ಎತ್ತಿ ನೆಲಕ್ಕೆ ಹಾಕಿದೆ. ವರ್ಷದ ಮಾವಿನಕಾಯಿ. ಬೇರೆ ದಿನವಾಗಿದ್ದರೆ ನನ್ನ ಜನ್ಮ ಜಾಲಾಡಿಸುತ್ತಿದ್ದಳು. "ಹೋಗ್ಲಿ ಬಿಡಪ್ಪ ಜಿನ್ನ, ಕಾಲಿಗೆ ಚೂರು ಚುಚ್ಚೀತು, ಆ ಕಡೆ ಬಾ" ಅಂದಳು. ಅಕ್ಕ ಹಬ್ಬಕ್ಕೆ ಬರುವುದಿಲ್ಲವಂತೆ ಅಂತ ಸುಳ್ಳು ಹೇಳಿದೆ. "ಅವ್ಳ ಮನೆ ಅವ್ಳಿಗೆ ಇರ್ತದೆ, ಪಾಪ" ಅಂದಳು. ಹಿತ್ತಲಿನ ನುಗ್ಗೆಮರ ಕಡಿಸುತ್ತೇನೆ ಅಂದೆ. ಅದು ಅವಳು ಬಸುರಿಯಾಗಿದ್ದಾಗ ನೆಟ್ಟ ಮರ. "ನಿನ್ನಿಷ್ಟ ಕಣಪ್ಪ" ಅಂದಳು. ನನಗೆ ಅಳು ಬಂತು. ನನ್ನನ್ನು ಒಂದೇ ಒಂದು ಸಲ ಬೈಯಲಿ ಅಂತ ಗಡ್ಡದ ಮೂವರಿಗೂ ಹರಕೆ ಹೊತ್ತೆ. ಹರಕೆ ಅರ್ಧ ಮಾತ್ರ ತೀರಿಸುತ್ತೇನೆ ಅಂತಲೂ ಹೇಳಿಕೊಂಡೆ. ಅಭ್ಯಾಸ.

ಅಷ್ಟರಲ್ಲಿ ವೆನ್ನಯ್ಯನವರು ಪಂಚೆ ಎತ್ತಿಕಟ್ಟಿಕೊಂಡು ಗುಡ್ಡ ಇಳಿದು ಓಡಿ ಬಂದರು. ಮುಖ ಬಿಳಿಚಿಕೊಂಡಿತ್ತು. ಮೇಯತ್ತೆ ಬೆಳಿಗ್ಗೆ ಗುಡಿಗೆ ಬಂದು ಕಿಂಡಿಯ ಕೆಳಗೆ ಕೂತಿದ್ದಾಳೆ, ಬೂದಿಯ ಮೇಲೆ ಹೆಜ್ಜೆಯೇ ಮೂಡಿಲ್ಲ ಅಂದರು.

"ನನಗೆ ಗೊತ್ತಿರಲಿಲ್ಲ" ಅಂದರು. "ಆಕೆಯೇ ಬಂದು ಕೇಳಿಕೊಂಡರು. ಯೀನಮ್ಮನ ಜೊತೆ ರಾಜಿ ಮಾಡಿಸಿ ಸ್ವಾಮಿ, ಇನ್ನೇನೂ ಬೇಡ ಅಂದರು. ನಾನು ಪುಣ್ಯದ ಕೆಲಸ ಅಂದುಕೊಂಡೆ."

ಅವ್ವ ಒಲೆಯ ಮುಂದೆ ಕೂತಿದ್ದಳು. ಅವಳೇ ಕೇಳಿಕೊಂಡಳೋ ಅಂತ ಒಂದು ಸಲ ಕೇಳಿದಳು. ಹೌದು ಅಂದರು ವೆನ್ನಯ್ಯ. ಅವ್ವ ಕುದಿಯುತ್ತಿದ್ದ ಪಾತ್ರೆಯ ಮೇಲಿನ ಮುಚ್ಚಳವನ್ನು ಸೆರಗಿನಲ್ಲಿ ಹಿಡಿದು ತೆಗೆದು, ಅದನ್ನು ಎತ್ತಿಕೊಂಡೇ ಹೊರಟಳು. ಬರಿಗಾಲು. ಗುಡ್ಡ ಹತ್ತುವಾಗ ನನಗೆ ಏದುಸಿರು ಬಂತು, ಅವಳಿಗೆ ಬರಲಿಲ್ಲ. ಬೆರಳ ತುದಿಯಲ್ಲಿ ಮೆಟ್ಟಿಲು ಮುಟ್ಟಿ ಮುಟ್ಟಿ ಹೋಗುತ್ತಿದ್ದಳು. ಹಿಂದಿನಿಂದ ನೋಡುವುದಕ್ಕೆ ಎಳೆ ಹುಡುಗಿಯ ಹಾಗಿದ್ದಳು. ನನಗೆ ಅದನ್ನು ನೋಡಲಾಗಲಿಲ್ಲ.

ಮೇಯತ್ತೆ ಕಿಂಡಿಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು, ಆದರೆ ನೆಲಕ್ಕೂ ಅವಳಿಗೂ ನಡುವೆ ಒಂದು ಬೆಕ್ಕು ನುಸುಳುವಷ್ಟು ಜಾಗ ಇತ್ತು. ಬೆಕ್ಕು ನುಸುಳುತ್ತಲೂ ಇತ್ತು. ಅವ್ವ ಬೂದಿ ದಾಟಿ ಹೋಗಿ ಅವಳ ಎದುರು ನಿಂತಳು.

"ನನ್ನನ್ನ ಒಂದು ಮಾತು ಕೇಳಿದ್ಯಾ?" ಅಂದಳು ಅವ್ವ.

"ಕೇಳಿದ್ರೆ ಬಿಡ್ತಿದ್ಯಾ?"

"ಬಿಡ್ತಿರ್ಲಿಲ್ಲ."

"ಅದಕ್ಕೇ ಕೇಳ್ಲಿಲ್ಲ" ಅಂದಳು ಮೇಯತ್ತೆ. "ಮಂಡಿ ನೋವು ಕಣೇ ಯೀನಿ. ರಾತ್ರಿಯೆಲ್ಲ ನಿದ್ದೆ ಇಲ್ಲ, ಕಣ್ಣು ಸರ್ಯಾಗಿ ಕಾಣಾಕಿಲ್ಲ. ಬೆಳಗಾಗೆದ್ದು ನಿನ್ ಜೊತೆ ಜಗಳಕ್ಕೆ ನಿಲ್ಲೋಕೂ ತ್ರಾಣ ಇಲ್ಲ. ಬೈಸ್ಕಂಡು ಸುಮ್ನೆ ಒಳಕ್ಕೆ ಹೋಯ್ತಿದ್ದೆ, ನಿಂಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗಿತ್ತು" ಅಂದಳು ಅವ್ವ. "ಅದಕ್ಕೇ ಜೋರಾಗಿ ಬೈತಿದ್ದೆ."

ಗುಡಿಯಲ್ಲಿ ಅಷ್ಟು ಹೊತ್ತಿಗೆ ಊರಿನ ಒಂದಿಷ್ಟು ಜನ ಸೇರಿದ್ದರು. ಎಲ್ಲರಿಗೂ ಗೊತ್ತಿತ್ತು, ಅವ್ವ ಈಗ ಒಂದು ಮಾತು ಆಡಿದರೆ ಸಾಕು. ಮೇಯತ್ತೆಯ ಅಡಿಗೆಯ ಬಗ್ಗೆ, ಅವಳ ತವರಿನ ಬಗ್ಗೆ, ಅವಳ ಸೊಸೆ ಯಾಕೆ ಬೇರೆ ಮನೆ ಮಾಡಿದಳು ಅನ್ನುವುದರ ಬಗ್ಗೆ ಒಂದು ಮಾತು ಬಿಟ್ಟರೆ ಮೇಯತ್ತೆ ಉತ್ತರ ಕೊಡುವುದಕ್ಕಾದರೂ ನೆಲಕ್ಕೆ ಇಳಿಯಲೇಬೇಕು. ಅಂಥ ಮಾತುಗಳು ಅವ್ವನ ಹತ್ತಿರ ಮೂಟೆಗಟ್ಟಲೆ ಇದ್ದವು. ಅವ್ವ ಬಾಯಿ ತೆರೆದಳು. ಮೇಯತ್ತೆ ಅವಳ ಮುಖವನ್ನೇ ನೋಡುತ್ತಾ, ಸುಮ್ಮನೆ ತನ್ನ ಮಂಡಿಯನ್ನು ಒತ್ತಿಕೊಂಡಳು. ಅವ್ವ ಬಾಯಿ ಮುಚ್ಚಿದಳು.

"ಸೆರಗು ಹಾರಾಡ್ತೈತೆ. ಮೇಲೆ ಗಾಳಿ ಇರ್ತದೆ" ಅಂದಳು. ಮುಚ್ಚಳವನ್ನು ನೆಲದ ಮೇಲಿಟ್ಟು, ಮೇಯತ್ತೆಯ ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು. ಬಿಚ್ಚಿದ್ದ ತುರುಬನ್ನು ಮತ್ತೆ ಕಟ್ಟಿದಳು. ಮೇಯತ್ತೆ ಅವ್ವನ ಕಣ್ಣು ತಪ್ಪಿಸಿ ಬಗ್ಗಿ ಮುಚ್ಚಳ ಎತ್ತಿಕೊಂಡದ್ದನ್ನು ನಾನು ನೋಡಿದೆ. ಕಾಲಿಗೆ ಸಿಗುತ್ತದೆ ಅಂತ ಎತ್ತಿಕೊಂಡಳು ಅಂದುಕೊಂಡೆ.

"ಬರ್ಲಾ?" ಅಂದಳು ಮೇಯತ್ತೆ.

"ಹೋಗು" ಅಂದಳು ಅವ್ವ. ಅಂದು, ಮೇಯತ್ತೆಯ ಕೈ ಹಿಡಿದುಕೊಂಡಳು.

ಮೇಯತ್ತೆ ಎದ್ದಳು. ಧೂಪದ ಹೊಗೆ ಏಳುವ ಹಾಗೆ, ಯಾವ ಅವಸರವೂ ಇಲ್ಲದೆ ಎದ್ದಳು. ಅವಳ ಜೊತೆಗೇ ಅವ್ವನೂ ಎದ್ದಳು. ಅವ್ವನ ಹೆಬ್ಬೆರಳು ನೆಲ ಬಿಟ್ಟದ್ದು ಕಾಣಿಸಿತು. ಅವಳ ಮುಖದಲ್ಲಿ ಯಾವ ಗಾಬರಿಯೂ ಇರಲಿಲ್ಲ. ನಾನು ಹೋಗಿ ಅವಳ ಪಾದ ಹಿಡಿದುಕೊಂಡೆ. "ಅವ್ವ, ಬೇಡ ಕಣವ್ವ" ಅಂದೆ. "ಬಿಡಪ್ಪ ಜಿನ್ನ, ಎಲ್ಲಾ ಸರಿಯಾಗೈತೆ" ಅಂದಳು. ಅವಳು ನನ್ನೊಂದಿಗೆ ಅಷ್ಟು ಮೆತ್ತಗೆ ಯಾವತ್ತೂ ಮಾತಾಡಿರಲಿಲ್ಲ. ನನ್ನ ಹಿಮ್ಮಡಿ ಮಾತ್ರ ನೆಲಕ್ಕೆ ಬೇರು ಬಿಟ್ಟ ಹಾಗಿತ್ತು, ಆದರೂ ಅವಳ ಪಾದ ನನ್ನ ಕೈಯಿಂದ ಜಾರುತ್ತಿತ್ತು. ಕೊನೆಗೆ ಜಾರಿಯೇ ಹೋಯಿತು. ವೆನ್ನಯ್ಯನವರು ಕಣ್ಣು ಮುಚ್ಚಿಕೊಂಡು ತಾವು ಕಲಿತ ಮಂತ್ರವನ್ನೆಲ್ಲ ಹೇಳುತ್ತಿದ್ದರು, ಒಂದೂ ಅಕ್ಷರ ಬಿಡದೆ. ಅದು ಬೇರೆ ನನಗೆ ಭಯ.

ಮೇಯತ್ತೆಯ ತಲೆ ಕಿಂಡಿಯ ಹತ್ತಿರ ಹೋಯಿತು. ಠಣ್ ಅಂತ ಸದ್ದಾಯಿತು. ಮುಚ್ಚಳ ತೊಲೆಗೆ ಬಡಿದಿತ್ತು. ಅವ್ವ ತಲೆಯೆತ್ತಿ ನೋಡಿದಳು.

"ಮೇಯಿ" ಅಂದಳು. "ಮುಚ್ಚಳ."

ಮೇಯತ್ತೆ ಮುಚ್ಚಳವನ್ನು ಓರೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಳು. "ಯಾವ ಮುಚ್ಚಳ?" ಅಂದಳು. "ಯಾರ ಮುಚ್ಚಳ?"

"ನನ್ ಮುಚ್ಚಳ ಕಣೇ. ನಿನ್ನೆ ತಾನೇ ನಿಂದೇ ಅಂದೆ, ದೇವರ ಮುಂದೆ ಅಂದೆ."

"ನಾನೆಲ್ಲಿ ಅಂದೆ" ಅಂದಳು ಮೇಯತ್ತೆ. ಅವ್ವನ ಕೈಯಿಂದ ತನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ಅವಳು ನಗುತ್ತಿದ್ದಳು, ಕಣ್ಣಿನಿಂದ ನೀರು ಸುರಿಯುತ್ತಿತ್ತು, ಎರಡೂ ನನಗೆ ಕೆಳಗಿನಿಂದಲೇ ಕಂಡವು. ಆಮೇಲೆ ಅವಳು ಕಿಂಡಿಯಲ್ಲಿ ಹೊರಟುಹೋದಳು, ಮುಚ್ಚಳದ ಸಮೇತ.

ಅವ್ವ ಧೊಪ್ಪೆಂದು ಬಿದ್ದಳು. ನನ್ನ ಮೇಲೇ ಬಿದ್ದಳು, ನನ್ನ ಭುಜ ಇವತ್ತಿಗೂ ಸರಿಯಾಗಿಲ್ಲ. ಎದ್ದವಳೇ ಕಿಂಡಿಯ ಕೆಳಗೆ ನಿಂತು, ಸೊಂಟಕ್ಕೆ ಕೈಕೊಟ್ಟು, ನಾನು ಇಲ್ಲಿ ಬರೆಯಲಾಗದ ಮಾತುಗಳನ್ನೆಲ್ಲ ಮೇಲಕ್ಕೆ ಕಳಿಸಿದಳು. ಕಳ್ಳಿ ಅಂದದ್ದನ್ನು ಮಾತ್ರ ಹೇಳಬಹುದು. ಬಯ್ದು ಬಯ್ದು ಸುಸ್ತಾಗಿ, "ಭುಜ ಹಿಡ್ಕೊಂಡು ನಿಂತಿದ್ದೀಯಲ್ಲ ದಂಡಪಿಂಡ, ಉಪ್ಪಿನಕಾಯಿ ಜಾಡಿ ಯಾಕೋ ಒಡೆದೆ?" ಅಂತ ನನ್ನ ಕಡೆ ತಿರುಗಿದಳು. ಅವಳು ಹೊರಟ ಮೇಲೆ ನಾನು ಹೊಸ್ತಿಲಿನ ಹತ್ತಿರ ಬಗ್ಗಿ ನೋಡಿದೆ. ಅವಳು ದುಡುದುಡು ಹೊರಗೆ ಹೋದ ದಾರಿಯಲ್ಲಿ ಬೂದಿಯ ಮೇಲೆ ಎರಡೂ ಹಿಮ್ಮಡಿ ಹಳ್ಳ ಬಿದ್ದ ಹಾಗೆ ಮೂಡಿದ್ದವು.

ಈಗ ಅನ್ನದ ಪಾತ್ರೆಗೆ ಮತ್ತೆ ತಟ್ಟೆ ಬಂದಿದೆ, ತಟ್ಟೆಯ ಮೇಲೆ ಗುಂಡುಕಲ್ಲು. ಪೇಟೆಯಿಂದ ಹೊಸ ಮುಚ್ಚಳ ತಂದುಕೊಡುತ್ತೇನೆ ಅಂತ ವೆನ್ನಯ್ಯನವರು ಹೇಳಿದರು. ನಾನು ಅವರ ಬಾಯಿ ಮುಚ್ಚಿಸಿದೆ. ಅವರೂ ಈಚೆಗೆ ಮಂತ್ರದ ಕೊನೆಯ ಸಾಲನ್ನು ನುಂಗಿಕೊಳ್ಳುತ್ತಾರೆ. ಹೆಂಚಿನ ಮಾತು ಎತ್ತುವುದಿಲ್ಲ. ನಾನಾಗಿಯೇ ಮುಂದಿನ ವಾರ ಬರುತ್ತೇನೆ ಅಂದರೆ, ಆಗಲಪ್ಪ, ಅವಸರವಿಲ್ಲ ಅನ್ನುತ್ತಾರೆ.

ಅವ್ವ ದಿನಾ ಬೆಳಿಗ್ಗೆ ಮೇಯತ್ತೆಯ ಮನೆಯ ಕಡೆಯ ಕಿಟಕಿ ತೆಗೆಯುತ್ತಾಳೆ. ಆಚೆ ಖಾಲಿ ಗೋಡೆ, ಒಂದು ಮೊಳೆ. ಸ್ವಲ್ಪ ಹೊತ್ತು ಅದನ್ನು ನೋಡಿ, ಆಮೇಲೆ ಹಿತ್ತಲಿಗೆ ಹೋಗಿ ನುಗ್ಗೆಮರದ ಕೆಳಗೆ ನಿಂತು ಆಕಾಶ ನೋಡಿಕೊಂಡು ಬೈಯುತ್ತಾಳೆ. ಕೊಡುವ ತನಕ ಬಿಡುವುದಿಲ್ಲ ಅನ್ನುತ್ತಾಳೆ. ಮೊನ್ನೆ ಬೈದು ಒಳಗೆ ಬಂದವಳು ಒಲೆಯ ಮುಂದೆ ಕೂತು, ಉರಿಯನ್ನು ಹಿಂದೆ ಮುಂದೆ ಮಾಡಿದಳು.

"ಜಿನ್ನ" ಅಂದಳು. "ಆ ಹೆಂಚನ್ನ ಚಾನಜ್ಜಿ ಕೀಳಲಿಲ್ಲ ಕಣೋ. ಅವನೇ ತಗಂಡು ಹೋಗಿದ್ದು. ಬೇಕೂ ಅಂತ್ಲೇ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಹಾಳಾದವ್ಳು" ಅಂದಳು. ಅಷ್ಟರಲ್ಲಿ ಅನ್ನ ಉಕ್ಕಿ ತಟ್ಟೆ ಜಾರಿತು, ಅವಳು ಅದಕ್ಕೂ ಬೈದಳು.